ಎಂಜಿನ್ ಹೊರಗೆ ತೆಗೆದ ಕಾರಿಗೆ ಮುಂದಿನ ಸ್ಪ್ರಿಂಗ್ ಕೂರಿಸೋದು ಹೇಗೆ?

ಪ್ರಶ್ನೆ: ನಮಸ್ಕಾರ ಅಣ್ಣಾ. ನಮ್ಮದು ಗಂಗಾವತಿ. ಅಪ್ಪ ತಗೊಂಡಿದ್ದ 1992ರ ಕಾಂಟೆಸ್ಸಾ ಕ್ಲಾಸಿಕ್ ಇದೆ, ಇಸುಜು ಪೆಟ್ರೋಲ್ ಎಂಜಿನ್ನಿಂದು. ಎಂಜಿನ್ ಬೋರಿಂಗ್‌ಗೆ ಅಂತ ಬಳ್ಳಾರಿಗೆ ಕಳಿಸಿದ್ದೇವೆ. ಅದು ಬರೋದರೊಳಗೆ ಮುಂದಿನ ಕೆಲಸ ಮುಗಿಸೋಣ ಅಂತ ಚಕ್ರ ಹಿಡಿದಿರೋ ಕೆಳಗಿನ ತೋಳಿನ (ಲೋಯರ್ ಆರ್ಮ್) ರಬ್ಬರ್ ಬುಷ್, ಅದರ ಹೊರ ತುದಿಯ ಗುಂಡು ಕೀಲು (ಬಾಲ್ ಜಾಯಿಂಟ್) ಎಲ್ಲ ಹೊಸದು ಹಾಕಿದೆವು. ಆರ್ಮ್ ಬಿಚ್ಚುವಾಗ ಎಂಜಿನ್ ಇನ್ನೂ ಕಾರಲ್ಲೇ ಇತ್ತು, ಸ್ಪ್ರಿಂಗ್ ಸಲೀಸಾಗಿ ಬಂತು. ಈಗ ವಾಪಸ್ ಕೂರುತ್ತಿಲ್ಲ. ಆರ್ಮ್ ಕೆಳಗೆ ಜಾಕ್ ಕೊಟ್ಟರೆ ಸ್ಪ್ರಿಂಗ್ ಒತ್ತೋದು ಬಿಟ್ಟು ಕಾರೇ ಸ್ಟ್ಯಾಂಡ್ ಬಿಟ್ಟು ಮೇಲೇಳುತ್ತೆ. ಅಕ್ಕಿ ಚೀಲ ಹೇರಿ, ಇಬ್ಬರು ಹುಡುಗರನ್ನು ಮೇಲೆ ಕೂರಿಸಿ ಒತ್ತೋಣ ಅಂತಾರೆ ನಮ್ಮ ಮೇಸ್ತ್ರಿ. ಆಗದಿದ್ರೆ ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡೋಣ ಅಂತಾರೆ. ಇನ್ನೊಂದು, ಬಲಗಡೆ ಸ್ಪ್ರಿಂಗ್ ಎಡಗಡೆದಕ್ಕಿಂತ 8 ಮಿ.ಮೀ. ಗಿಡ್ಡ ಇದೆ. ಏನು ಮಾಡಬೇಕು?

ಉತ್ತರ: ಮೊದಲು ಕೆಲಸ ನಿಲ್ಲಿಸಿ. ಸ್ಪ್ರಿಂಗ್ ಈಗ ಅರ್ಧ ಒತ್ತಿಕೊಂಡು ಆರ್ಮ್ ಮತ್ತು ಬಾಡಿ ನಡುವೆ ನಿಂತಿದ್ದರೆ, ಇವತ್ತೇ ಜಾಕನ್ನು ನಿಧಾನಕ್ಕೆ ಇಳಿಸಿ, ಸ್ಪ್ರಿಂಗ್ ಪೂರ್ತಿ ಸಡಿಲ ಆದಮೇಲೆ ಹೊರಗೆ ತೆಗೆದು ಒಂದು ಮೂಲೆಗೆ ಇಡಿ. ಇಳಿಸುವಾಗ ಯಾರೂ ಚಕ್ರದ ಮುಂದೆ ನಿಲ್ಲಬಾರದು, ಪಕ್ಕಕ್ಕೆ ಇರಬೇಕು. ಜಾಕ್ ಮೇಲೆ ಸ್ಪ್ರಿಂಗ್ ಒತ್ತಿಟ್ಟು ರಾತ್ರಿಯೆಲ್ಲ ಬಿಡೋದು, ಊಟಕ್ಕೆ ಹೋಗೋದು ಬೇಡವೇ ಬೇಡ. ಹೈಡ್ರಾಲಿಕ್ ಜಾಕಿನ ಸೀಲು ಹಳೇದಾಗಿದ್ದರೆ ಒಳಗೇ ಎಣ್ಣೆ ಜಾರಿ ಜಾಕ್ ತಾನೇ ಇಳಿಯುತ್ತದೆ. ನೋಡುವವರು ಯಾರೂ ಇರಲ್ಲ.

ಇನ್ನು ನಿಮ್ಮ ಪ್ರಶ್ನೆ. ಅದರಲ್ಲಿ ನೀವೇ ಉತ್ತರ ಬರೆದಿದ್ದೀರಿ: ಬಿಚ್ಚುವಾಗ ಎಂಜಿನ್ ಇತ್ತು, ಈಗ ಇಲ್ಲ. ಅಷ್ಟೇ ವಿಷಯ. ಬುಷ್ ತಪ್ಪಲ್ಲ, ಸ್ಪ್ರಿಂಗ್ ತಪ್ಪಲ್ಲ, ನಿಮ್ಮ ಜಾಕ್ ಕೂಡ ಸರಿಯಾಗೇ ಇದೆ.

ಕಾಂಟೆಸ್ಸಾದ ಮುಂದೆ ಮೇಲೊಂದು ಕೆಳಗೊಂದು ಆರ್ಮ್ ಇವೆ, ಕೆಳಗಿನ ಆರ್ಮ್ ಮೇಲೆ ಕಾಯಿಲ್ ಸ್ಪ್ರಿಂಗ್ ಕೂರುತ್ತದೆ. ಸ್ಪ್ರಿಂಗಿನ ಮೇಲಿನ ತುದಿ ಕಾರನ್ನು ಮೇಲಕ್ಕೆ ತಳ್ಳುತ್ತದೆ, ಕೆಳಗಿನ ತುದಿ ಆರ್ಮನ್ನು ಕೆಳಕ್ಕೆ ತಳ್ಳುತ್ತದೆ. ನೀವು ಆರ್ಮ್ ತುದಿಗೆ ಜಾಕ್ ಕೊಟ್ಟು ಎತ್ತಿದಾಗ ಸ್ಪ್ರಿಂಗ್ ಒತ್ತಬೇಕು ಎಂದರೆ ಮೇಲಿಂದ ಅದನ್ನು ತಡೆಯುವ ಭಾರ ಬೇಕು, ಅಲ್ವಾ? ಆ ಭಾರವೇ ಎಂಜಿನ್ನು. ಗೇರ್‌ಬಾಕ್ಸ್ ಸಮೇತ ಒಂದೂವರೆ ಕ್ವಿಂಟಲ್ ಆಸುಪಾಸಿನ ತೂಕ, ಅದೂ ಹೆಚ್ಚುಕಮ್ಮಿ ಮುಂದಿನ ಚಕ್ರಗಳ ಮೇಲೇ ಬೀಳುವಂಥದ್ದು. ಅದನ್ನು ತೆಗೆದು ಕಾರನ್ನು ಹಗುರ ಮಾಡಿ, ಆಮೇಲೆ ಅದೇ ಸ್ಪ್ರಿಂಗನ್ನು ಒತ್ತು ಎಂದರೆ ಕಾರು ಎದ್ದೇ ಏಳುತ್ತದೆ. ಜಾಕ್ ಒತ್ತುವ ಬಲ ಸ್ಟ್ಯಾಂಡ್ ಮೇಲೆ ಕೂತಿರುವ ಭಾರಕ್ಕಿಂತ ಜಾಸ್ತಿ ಆದ ಕ್ಷಣಕ್ಕೆ ಸ್ಟ್ಯಾಂಡಿನ ತಲೆಯ ಮೇಲೆ ಬೆಳಕು ಕಾಣುತ್ತದೆ. ಆಮೇಲೆ ಇಡೀ ಕಾರಿನ ಮುಂಭಾಗ ಒಂದು ಜಾಕ್, ಒಂದು ಬಾಗಿದ ಆರ್ಮ್, ಎಲ್ಲೂ ಬಿಗಿಯದ ಒಂದು ಸ್ಪ್ರಿಂಗ್ ಇವುಗಳ ಮೇಲೆ ತೂಗುತ್ತಾ ನಿಂತಿರುತ್ತದೆ. ಗ್ಯಾರೇಜಿನಲ್ಲಿ ಅದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ.

ಅಕ್ಕಿ ಚೀಲದ ಯೋಚನೆ ಯಾಕೆ ಬಂತು ಎಂದು ನನಗೆ ಅರ್ಥ ಆಗುತ್ತದೆ. ಗಂಗಾವತಿಯಲ್ಲಿ ತೂಕ ಬೇಕು ಎಂದರೆ ಮೊದಲು ಕೈಗೆ ಸಿಗೋದೇ 25 ಕೆಜಿ ಚೀಲ. ನಿಮ್ಮ ಮೇಸ್ತ್ರಿಗೆ ಮೂಲ ವಿಷಯ ಗೊತ್ತಿದೆ, ಮೇಲೆ ಭಾರ ಬೇಕು ಅನ್ನೋದು ಸರಿ. ಆದರೆ ಚೀಲ ಬಿಗಿದು ನಿಲ್ಲುವ ವಸ್ತು ಅಲ್ಲ. ಕಾರಿನ ಮೂತಿ ಎರಡು ಇಂಚು ವಾಲಿದರೆ ಸಾಕು, ಚೀಲ ಒಂದು ಕಡೆ ಜಾರುತ್ತದೆ, ಜಾರಿದ ಕಡೆಗೆ ಭಾರ ಇನ್ನೂ ಜಾಸ್ತಿ ಆಗುತ್ತದೆ, ಅಲ್ಲಿಂದ ಹಿಡಿಯೋಕೆ ಆಗಲ್ಲ. ಇನ್ನು ಹುಡುಗರನ್ನು ಕೂರಿಸೋದು. ದಯವಿಟ್ಟು ಬೇಡ. ಸ್ಟ್ಯಾಂಡ್ ಬಿಟ್ಟು ಏಳುವ ಕಾರಿನ ಮೇಲೆ ಮನುಷ್ಯ ಕೂತಿರೋದು, ಅದರ ಪಕ್ಕದಲ್ಲೇ ಇನ್ನೊಬ್ಬ ಸ್ಪ್ರಿಂಗ್ ಎದುರು ಪಾನಾ ಹಿಡಿದು ಬಗ್ಗಿರೋದು, ಇದನ್ನು ನಾನು ಕಣ್ಣಾರೆ ಕಂಡವನು.

ನನಗೆ ಆಗ ಹದಿನೇಳು ವಯಸ್ಸು, ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಹೆಲ್ಪರ್ ಆಗಿದ್ದೆ. ಬೇಸಿಗೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ ತಗಡಿನ ಶೆಡ್ಡು. ಹಳೆ ಕಾರೊಂದಕ್ಕೆ ನಮ್ಮ ದೊಡ್ಡ ಮೇಸ್ತ್ರಿ ಸ್ಪ್ರಿಂಗ್ ಕೂರಿಸುತ್ತಿದ್ದರು, ಮೇಲೆ ಇಬ್ಬರು ಕೂತಿದ್ದರು, ನಾನು ಜಾಕಿನ ಹ್ಯಾಂಡಲ್ ಹೊಡೆಯುತ್ತಿದ್ದೆ. ಬಾಲ್ ಜಾಯಿಂಟ್ ತೂತಿನ ಹತ್ತಿರ ಬಂದಿತ್ತು, ಇನ್ನೊಂದು ಬೆರಳಿನಷ್ಟು ಬಾಕಿ. ಜಾಕಿನ ಪುಟ್ಟ ಗಾಲಿ ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಅದರಿಂದ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಸಲ ಹ್ಯಾಂಡಲ್ ಒತ್ತಿದೆ. ಟಣ್ ಅಂತ ಸದ್ದಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮೇಸ್ತ್ರಿಯವರು ಎಡಗೈ ಹಿಡಿದುಕೊಂಡು ಕೂತಿದ್ದರು, ಎದುರಿನ ತಗಡು ಒಳಗಿನಿಂದ ಹೊರಕ್ಕೆ ಬುಟ್ಟಿಯ ಹಾಗೆ ಉಬ್ಬಿತ್ತು, ಸ್ಪ್ರಿಂಗ್ ನೆಲದ ಮೇಲೆ ಇನ್ನೂ ಉರುಳುತ್ತಿತ್ತು. ಅವರ ಮುಂಗೈ ಮೂಳೆ ಎರಡು ಕಡೆ ಮುರಿದಿತ್ತು. ಆಮೇಲೂ ಕೆಲಸ ಮಾಡಿದರು, ಆದರೆ ಆ ಕೈಯಲ್ಲಿ ಬಿಗಿಯಾಗಿ ಪಾನಾ ಹಿಡಿಯಲು ಅವರಿಗೆ ಮತ್ತೆ ಆಗಲಿಲ್ಲ. ತಗಡಿನ ಆ ಉಬ್ಬು ನಾನು ಆ ಗ್ಯಾರೇಜ್ ಬಿಡುವವರೆಗೂ ಹಾಗೇ ಇತ್ತು.

ಅದರ ಲೆಕ್ಕ ನಾನು ಆಮೇಲೆ ಕಲಿತೆ. ಒಂದು ಮಿಲಿಮೀಟರ್ ಒತ್ತಲು 4 ಕೆಜಿ ಭಾರ ಬೇಕಾಗುವ ಸ್ಪ್ರಿಂಗ್ ಎಂದು ಇಟ್ಟುಕೊಳ್ಳಿ. 120 ಮಿ.ಮೀ. ಒತ್ತಿದಾಗ ಅದು 480 ಕೆಜಿ ಬಲದಿಂದ ವಾಪಸ್ ತಳ್ಳುತ್ತಿರುತ್ತದೆ. ಒಳಗೆ ತುಂಬಿಕೊಂಡ ಶಕ್ತಿ 50 ಕೆಜಿ ಸಿಮೆಂಟ್ ಚೀಲವನ್ನು ಸುಮಾರು ಎರಡು ಅಡಿ ಎತ್ತರದಿಂದ ಬಿಟ್ಟಷ್ಟು. ಕೇಳೋಕೆ ಕಡಿಮೆ ಅನ್ನಿಸಬಹುದು. ಆದರೆ ಅದೆಲ್ಲ ಮೂರೂವರೆ ಕೆಜಿಯ ಒಂದು ಉಕ್ಕಿನ ಸುರುಳಿಯಲ್ಲಿದೆ. ಪೂರ್ತಿ ಬಿಟ್ಟುಕೊಂಡರೆ ಅದು ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೊರಡುತ್ತದೆ, ಒಂದು ಮೊಳ ದೂರದಲ್ಲಿ ನಿಮ್ಮ ಮುಖ ಇರುತ್ತದೆ. ನಿಮ್ಮ ಕಾರಿನ ಸ್ಪ್ರಿಂಗ್ ಇದಕ್ಕಿಂತ ಸ್ವಲ್ಪ ಹೆಚ್ಚೋ ಕಡಿಮೆಯೋ ಇರಬಹುದು, ಫಲ ಒಂದೇ.

ಹಾಗಾದರೆ ಏನು ಮಾಡೋದು? ದಾರಿ ಎರಡಿವೆ. ನನ್ನ ಸಲಹೆ ಮೊದಲನೆಯದು: ಕಾಯಿರಿ. ಬಳ್ಳಾರಿಯಿಂದ ಎಂಜಿನ್ ಬರಲಿ. ಕಾರು ಸ್ಟ್ಯಾಂಡ್ ಮೇಲೆ ನಿಂತಿರುವಾಗಲೇ ಚೈನ್ ಬ್ಲಾಕ್‌ನಿಂದ ಎಂಜಿನ್ ಕಾರಿನ ಒಳಗೆ ಇಳಿಸಿ, ಗೇರ್‌ಬಾಕ್ಸ್ ಸೇರಿಸಿ, ಮೌಂಟಿಂಗ್ ಬೋಲ್ಟ್ ಪೂರ್ತಿ ಬಿಗಿ ಮಾಡಿ. ಆಮೇಲೆ ಸ್ಪ್ರಿಂಗ್. ಮೊದಲು ಇದ್ದ ಭಾರ ಮೊದಲಿದ್ದ ಜಾಗಕ್ಕೇ ಬಂದಿರುತ್ತದೆ, ಬಂದ ಹಾಗೇ ಸ್ಪ್ರಿಂಗ್ ಒಳಗೆ ಹೋಗುತ್ತದೆ. ಎರಡು ವಾರ ತಡ ಆಗಬಹುದು, ಮೂವತ್ತು ವರ್ಷ ಮೀರಿದ ಕಾರಿಗೆ ಎರಡು ವಾರ ಏನೂ ಅಲ್ಲ. ಒಂದೇ ಒಂದು ಎಚ್ಚರ: ಎಂಜಿನ್ ತೂಗಿಬಿಟ್ಟ ಚೈನ್ ಬ್ಲಾಕ್ ಬಿಚ್ಚಿದ ಮೇಲೆ ಎರಡೂ ಸ್ಟ್ಯಾಂಡ್ ಮತ್ತೆ ನೋಡಿ, ಭಾರ ಬಿದ್ದಾಗ ಕಾಲು ಸರಿದಿರುತ್ತದೆ.

ಎರಡನೇ ದಾರಿ, ಸ್ಪ್ರಿಂಗನ್ನು ಮೊದಲೇ ಗಿಡ್ಡ ಮಾಡಿ ಹಿಡಿದು ಆಮೇಲೆ ಕೂರಿಸೋದು. ಅದಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಬೇಕು. ಎರಡು ಬಗೆ ಇವೆ. ಒಂದು ಹೊರಗಿನಿಂದ ಕೊಕ್ಕೆ ಹಾಕಿ ಒತ್ತುವ ಜೋಡಿ, ಮಾರುತಿ 800 ಥರದ ಸ್ಟ್ರಟ್ (ಸ್ಪ್ರಿಂಗ್, ಶಾಕಬ್ಸಾರ್ಬರ್ ಒಟ್ಟಿಗೇ ಇರೋದು) ಇರುವ ಕಾರಿಗೆ ಬಳಸೋದು ಇದೇ. ನಿಮ್ಮ ಕಾರಿನಲ್ಲಿ ಸ್ಪ್ರಿಂಗ್ ಕೂರುವ ಬಟ್ಟಲು ಇಕ್ಕಟ್ಟು, ಹೊರಗಿನ ಕೊಕ್ಕೆ ಒಳಗೆ ಸಿಕ್ಕಿಕೊಂಡರೆ ಕೂರಿಸಿದ ಮೇಲೆ ತೆಗೆಯೋಕೇ ಆಗಲ್ಲ. ಇನ್ನೊಂದು ಒಳಗಿನಿಂದ ಒತ್ತೋದು: ನಡುವೆ ಉದ್ದ ಥ್ರೆಡ್ ಇರುವ ಸರಳು, ಮೇಲೆ ಕೆಳಗೆ ಸ್ಪ್ರಿಂಗಿನ ಸುತ್ತನ್ನು ಕಚ್ಚುವ ತಟ್ಟೆ, ಒಂದು ತುದಿಯಲ್ಲಿ ಬೇರಿಂಗ್, ನಟ್ಟು. ಎರಡು ಆರ್ಮ್ ಇರುವ ಕಾರಿಗೆ ಸರಿ ಬರೋದು ಇದು. ಗಂಗಾವತಿಯಲ್ಲಿ ಸಿಗದಿದ್ದರೆ ಹೊಸಪೇಟೆ, ಬಳ್ಳಾರಿಯ ಟೂಲ್ಸ್ ಅಂಗಡಿಗಳಲ್ಲಿ ಕೇಳಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ. ಸ್ಪ್ರಿಂಗಿನ ಒಳ ಅಳತೆ, ತಂತಿಯ ದಪ್ಪ ಅಳೆದುಕೊಂಡು ಹೋಗಿ, ತಟ್ಟೆ ಸ್ಪ್ರಿಂಗಿನ ಸುತ್ತನ್ನು ಪೂರ್ತಿ ಕಚ್ಚಬೇಕು, ತುದಿಯಲ್ಲಿ ನಿಂತರೆ ಜಾರುತ್ತದೆ.

ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದಲ್ವಾ ಎಂದು ಕೇಳ್ತೀರಿ, ಎಲ್ಲರೂ ಕೇಳ್ತಾರೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಥ್ರೆಡ್ ರಾಡ್ ತಂದು ಎರಡು ಪ್ಲೇಟ್ ವೆಲ್ಡ್ ಮಾಡಿ ಕೆಲಸ ಮುಗಿಸಿದವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ. ರಾಡ್ ತುಂಡಾಗೋದು ಅಪರೂಪ. ಆಗೋದು ಬೇರೆ. ಮೆತ್ತಗಿನ ಕಬ್ಬಿಣದ ಮೇಲೆ ಅಷ್ಟು ಭಾರ ಇಟ್ಟು ನಟ್ಟು ತಿರುಗಿಸಿದಾಗ ಥ್ರೆಡ್ ತಿಂದು ನಟ್ಟು ಅಲ್ಲೇ ಹಿಡಿದುಬಿಡುತ್ತದೆ, ಹಿಂದಕ್ಕೂ ಬರಲ್ಲ ಮುಂದಕ್ಕೂ ಹೋಗಲ್ಲ. ಆಗ ಒತ್ತಿದ ಸ್ಪ್ರಿಂಗ್ ಕೈಯಲ್ಲಿ, ಅದನ್ನು ಬಿಡಿಸಲು ಕಟ್ಟರ್ ಹಚ್ಚಬೇಕು. ಅದನ್ನು ನೆನೆಸಿಕೊಂಡರೇ ನನಗೆ ಮೈ ಜುಮ್ ಅನ್ನುತ್ತದೆ. ರೆಡಿ ಸಿಗೋದನ್ನೇ ತಗೊಳ್ಳಿ, ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್ ಹಚ್ಚಿ, ಕೈಯಿಂದಲೇ ರಿಂಗ್ ಪಾನಾದಲ್ಲಿ ತಿರುಗಿಸಿ. ಗಾಳಿ ಗನ್ ಬೇಡ. ಗನ್ ಹೊಡೆದರೆ ಥ್ರೆಡ್ ಬಿಸಿಯಾಗಿ ಹಿಡಿಯುತ್ತದೆ. ತಟ್ಟೆ ಜಾರುತ್ತಿದೆಯೋ ಇಲ್ಲವೋ ಕೈಗೆ ಗೊತ್ತಾಗಬೇಕು, ಗನ್‌ನಲ್ಲಿ ಗೊತ್ತಾಗಲ್ಲ.

ಯಾವ ದಾರಿ ಹಿಡಿದರೂ ಕೂರಿಸುವ ಕ್ರಮ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಹೊತ್ತಿಗೆ ಶುರು ಮಾಡಿ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟಿದ ಮೇಲೆ ತಗಡಿನ ಕೆಳಗೆ ಬೆವರಿದ ಕೈಯಲ್ಲಿ, ಹೊಟ್ಟೆ ಹಸಿದು ಮಾಡುವ ಕೆಲಸ ಇದಲ್ಲ.

ನೆಲ ನೋಡಿ. ಇದನ್ನು ಯಾರೂ ಹೇಳಲ್ಲ, ಅದಕ್ಕೇ ನಾನು ಒತ್ತಿ ಹೇಳ್ತೇನೆ. ಕೆಳಗಿನ ಆರ್ಮ್ ನೇರ ಮೇಲಕ್ಕೆ ಏಳೋದಿಲ್ಲ, ಬಾಗಿಲಿನ ಹಾಗೆ ಒಂದು ಕಡೆ ಹಿಂಜ್ ಇಟ್ಟುಕೊಂಡು ಬಿಲ್ಲಿನ ಆಕಾರದಲ್ಲಿ ಏಳುತ್ತದೆ. ಕೆಳಗೆ ತೂಗಿದ ಆರ್ಮ್ ಎದ್ದ ಹಾಗೆ ಅದರ ತುದಿ ಹೊರಕ್ಕೂ ಸರಿಯುತ್ತದೆ. ಅಂದರೆ ಜಾಕ್ ಕೂಡ ಗಾಲಿಯ ಮೇಲೆ ಅಷ್ಟು ಹೊರಕ್ಕೆ ಉರುಳಲೇಬೇಕು. ಉರುಳದಿದ್ದರೆ ಜಾಕಿನ ತಲೆ ಆರ್ಮಿನಿಂದ ಜಾರುತ್ತದೆ. ನಮ್ಮ ಮೇಸ್ತ್ರಿಯವರ ಕೈ ಮುರಿದದ್ದು ಇದೇ ಕಾರಣಕ್ಕೆ. ಮಣ್ಣು ನೆಲ, ಶಹಾಬಾದ್ ಕಲ್ಲಿನ ಸಂದಿ, ಬಿರುಕು ಬಿಟ್ಟ ಕಾಂಕ್ರೀಟ್ ಇವೆಲ್ಲ ಗಾಲಿಯನ್ನು ಹಿಡಿಯುತ್ತವೆ. ಜಾಕ್ ಓಡಾಡುವ ಜಾಗಕ್ಕೆ ಕಾಲು ಇಂಚು ದಪ್ಪದ ಉಕ್ಕಿನ ಶೀಟ್ ಹಾಸಿ, ಗಾಲಿಗೆ ಒಂದು ಹನಿ ಎಣ್ಣೆ ಬಿಡಿ, ಕಾಲಿನಿಂದ ತಳ್ಳಿದರೆ ಜಾಕ್ ಸಲೀಸಾಗಿ ಉರುಳಬೇಕು. ಸ್ಟ್ಯಾಂಡಿನ ಕೆಳಗೆ ಮಾತ್ರ ಶೀಟ್ ಬೇಡ, ದಪ್ಪ ಮರದ ಹಲಗೆ ಇಡಿ. ಕಲ್ಲಿನ ಚಪ್ಪಡಿ ಕೆಳಗೆ ಪೊಳ್ಳಿದ್ದರೆ ಸ್ಟ್ಯಾಂಡಿನ ಸಣ್ಣ ಕಾಲು ಅದನ್ನು ಒಡೆದು ಒಳಗೆ ಇಳಿಯುತ್ತದೆ.

ಸ್ಟ್ಯಾಂಡ್ ಎರಡೂ ಕಡೆ, ಬಾಡಿಯ ಗಟ್ಟಿ ಜಾಗಕ್ಕೆ. ತುಕ್ಕು ಹಿಡಿದ ತಗಡಿನ ಕೆಳಗೆ ಅಲ್ಲ, ಸುತ್ತಿಗೆಯಿಂದ ತಟ್ಟಿ ನೋಡಿ, ಗಟ್ಟಿ ಜಾಗ ಸದ್ದಿನಲ್ಲೇ ಗೊತ್ತಾಗುತ್ತದೆ. ಹಿಂದಿನ ಚಕ್ರಕ್ಕೆ ಎರಡೂ ಬದಿ ಮರದ ತುಂಡು. ಇಟ್ಟಿಗೆ, ಕಲ್ಲು, ರಿಮ್ಮು ಇವು ಯಾವುವೂ ಸ್ಟ್ಯಾಂಡ್ ಅಲ್ಲ.

ಆಮೇಲೆ ಸ್ಪ್ರಿಂಗ್ ಕೂರುವ ಮೇಲಿನ ಬಟ್ಟಲು, ಕೆಳಗಿನ ತಟ್ಟೆ ಎರಡನ್ನೂ ವೈರ್ ಬ್ರಷ್‌ನಿಂದ ಉಜ್ಜಿ. ಮೂವತ್ತು ವರ್ಷದ ಕೆಂಪು ಧೂಳು, ಗ್ರೀಸು ಸೇರಿ ಗಟ್ಟಿ ಹೆಪ್ಪು ಆಗಿರುತ್ತದೆ, ನೋಡೋಕೆ ಅದೇ ಲೋಹದ ಹಾಗೆ ಕಾಣುತ್ತದೆ, ಸ್ಕ್ರೂಡ್ರೈವರ್ ಇಟ್ಟು ಕೆರೆದಾಗ ಬಿಲ್ಲೆ ಬಿಲ್ಲೆಯಾಗಿ ಏಳುತ್ತದೆ. ಅದರ ಮೇಲೇ ಸ್ಪ್ರಿಂಗ್ ಕೂರಿಸಿದರೆ ಮೊದಲ ಹೊಂಡಕ್ಕೆ ಪುಡಿಯಾಗಿ ಸ್ಪ್ರಿಂಗ್ ಅಲ್ಲಾಡುತ್ತದೆ. ಮೇಲಿನ ರಬ್ಬರ್ ಬಳೆ ಹರಿದಿದ್ದರೆ ಹೊಸದು ಹಾಕಿ. ತಟ್ಟೆ ತುಕ್ಕು ಹಿಡಿದು ತೆಳ್ಳಗಾಗಿದ್ದರೆ ಸ್ಪ್ರಿಂಗ್ ವಿಷಯ ಬಿಟ್ಟು ಮೊದಲು ಆರ್ಮ್ ಹುಡುಕಿ.

ಸ್ಪ್ರಿಂಗಿನ ತುದಿ ಯಾವ ಕಡೆ ಎಂದು ನೋಡಿ. ಕೆಳಗಿನ ತಟ್ಟೆಯಲ್ಲಿ ಒಂದು ಮೆಟ್ಟಿಲು ಇರುತ್ತದೆ, ತಂತಿಯ ತುದಿ ಅದಕ್ಕೆ ತಾಕಿ ನಿಲ್ಲಬೇಕು. ಹಳೆ ಸ್ಪ್ರಿಂಗ್ ಆದ್ದರಿಂದ ತಟ್ಟೆಗೆ ತಾಕುತ್ತಿದ್ದ ಜಾಗದಲ್ಲಿ ಬಣ್ಣ ಹೋಗಿ ಹೊಳಪು ಗುರುತು ಇರುತ್ತದೆ, ಅದೇ ನಿಮಗೆ ದಾರಿ. ಚಾಕ್‌ಪೀಸ್‌ನಲ್ಲಿ ತುದಿ ಇರುವ ಕಡೆ ಹೊರಗಿನಿಂದ ಗೀಟು ಹಾಕಿಕೊಳ್ಳಿ, ಒಳಗೆ ಹೋದಮೇಲೆ ತುದಿ ಕಾಣಲ್ಲ, ಗೀಟು ಕಾಣುತ್ತದೆ.

ಈಗ ಸರಪಳಿ. ಇದು ಬಿಟ್ಟರೆ ಉಳಿದದ್ದೆಲ್ಲ ಮಾಡಿ ಪ್ರಯೋಜನ ಇಲ್ಲ. ಲಾರಿಗೆ ಲೋಡ್ ಬಿಗಿಯುವ ಗಟ್ಟಿ ಸರಪಳಿ ಇರುತ್ತಲ್ಲ, ಅದನ್ನು ಸ್ಪ್ರಿಂಗಿನ ನಡುವಿನ ಸುತ್ತಿನ ಮೂಲಕ ತಂದು ಕ್ರಾಸ್‌ಮೆಂಬರ್ (ಕಾರಿನ ಕೆಳಗಿನ ಅಡ್ಡ ತೊಲೆ) ಸುತ್ತ ಹಾಕಿ ಬೋಲ್ಟ್ ಬಿಗಿದು ಸೇರಿಸಿ. ಸ್ಪ್ರಿಂಗ್ ಅಲ್ಲಾಡಲು ಬೇಕಾದಷ್ಟೇ ಸಡಿಲ ಬಿಡಿ. ಅದರ ಕೆಲಸ ಒಂದೇ, ಸ್ಪ್ರಿಂಗ್ ಹಾರಿದರೆ ಅರ್ಧ ಅಡಿಯಲ್ಲಿ ತಡೆಯೋದು. ಹಗ್ಗ, ಬೈಕ್ ಚೈನು, ಬೈಂಡಿಂಗ್ ತಂತಿ ಯಾವುದೂ ನಡೆಯಲ್ಲ. ಬಳ್ಳಾರಿ ಸಂಡೂರು ಕಡೆ ಅದಿರು ಲಾರಿ ಓಡಿದ ಊರುಗಳಲ್ಲಿ ಇಂಥ ಸರಪಳಿ ಇಲ್ಲದ ಗ್ಯಾರೇಜ್ ಇರಲಿಕ್ಕಿಲ್ಲ. ಆದರೂ ಸ್ಪ್ರಿಂಗ್ ಕೆಲಸಕ್ಕೆ ಅದನ್ನು ತೆಗೆಯುವವರು ಕಡಿಮೆ. ಲಾರಿಗೆ ಇರೋದು ಕಮಾನ್ ಪಟ್ಟಿ, ಅಂಬಾಸಿಡರ್ ಮುಂದೆ ಇದ್ದದ್ದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು. ನಮ್ಮ ಕಡೆಯ ಹಳೆ ಮೇಸ್ತ್ರಿಗಳ ಕೈ ಪಳಗಿದ್ದು ಇವುಗಳ ಮೇಲೆ. ಎರಡು ಆರ್ಮಿನ ನಡುವೆ ಕಾಯಿಲ್ ಸ್ಪ್ರಿಂಗ್ ಇರುವ ಕಾರು ಅವರ ಕೈಗೆ ವರ್ಷಕ್ಕೊಂದು ಬಂದರೆ ಹೆಚ್ಚು. ನಿಮ್ಮ ಮೇಸ್ತ್ರಿಗೆ ಇದರ ಅನುಭವ ಕಡಿಮೆ ಇದ್ದರೆ ಅದು ಅವರ ದಡ್ಡತನ ಅಲ್ಲ, ಈ ಬರಹವನ್ನು ಅವರ ಜೊತೆ ಕೂತು ಓದಿ.

ಒತ್ತುವಾಗ ಮೂವರು ಸಾಕು. ಒಬ್ಬರು ಜಾಕ್ ಹ್ಯಾಂಡಲ್. ಒಬ್ಬರು ಬಾಲ್ ಜಾಯಿಂಟ್ ಹತ್ತಿರ, ಆದರೆ ಚಕ್ರದ ಹಿಂದಿನ ಬದಿಗೆ, ಸ್ಪ್ರಿಂಗ್ ಹೊರಗೆ ಬರುವ ದಾರಿಯಲ್ಲಿ ಅಲ್ಲ. ಮೂರನೆಯವರಿಗೆ ಬೇರೆ ಯಾವ ಕೆಲಸವೂ ಇಲ್ಲ, ಸ್ಟ್ಯಾಂಡಿನ ತಲೆಯನ್ನೇ ನೋಡುತ್ತಾ ಕೂರೋದು, ಒಂದು ಕೂದಲಿನಷ್ಟು ಎದ್ದರೂ ನಿಲ್ಲಿಸು ಅನ್ನೋದು. ಆ ಮಾತು ಬಂದ ತಕ್ಷಣ ಹ್ಯಾಂಡಲ್ ನಿಲ್ಲಬೇಕು, ಇನ್ನೊಂದೇ ಸಲ ಅನ್ನೋ ಮಾತು ಇಲ್ಲ.

ಜಾಕಿನ ತಲೆ ಮತ್ತು ಆರ್ಮ್ ನಡುವೆ ಆರ್ಮಿನ ಆಕಾರಕ್ಕೆ ಕಚ್ಚು ತೆಗೆದ ಗಟ್ಟಿ ಮರದ ತುಂಡು ಇಡಿ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ. ಉಕ್ಕಿನ ಮೇಲೆ ಉಕ್ಕು ಜಾರುತ್ತದೆ, ಮರ ಕಚ್ಚುತ್ತದೆ. ಶಾಕಬ್ಸಾರ್ಬರ್ ಈಗ ಇರಬಾರದು, ಅದನ್ನು ಕೊನೆಗೆ ಹಾಕೋಣ. ಒಂದೊಂದೇ ಇಂಚು ಎತ್ತಿ, ನಿಲ್ಲಿಸಿ, ಸ್ಪ್ರಿಂಗ್ ನೆಟ್ಟಗಿದೆಯಾ ನೋಡಿ. ನಡುವೆ ಬಾಳೆಕಾಯಿಯ ಹಾಗೆ ಹೊರಕ್ಕೆ ಉಬ್ಬುತ್ತಿದ್ದರೆ ಮೇಲಿನ ತುದಿ ಬಟ್ಟಲಲ್ಲಿ ಕೂತಿಲ್ಲ ಎಂದರ್ಥ. ಪೂರ್ತಿ ಇಳಿಸಿ, ಮತ್ತೆ ಶುರು ಮಾಡಿ. ಒತ್ತಿದ ಸ್ಪ್ರಿಂಗನ್ನು ಕೈಯಿಂದ ತಳ್ಳಿ ಸರಿ ಮಾಡಬಾರದು. ಸಡಿಲ ಇರುವಾಗಲೇ, ಅದೂ ಉದ್ದದ ಸಬ್ಬಲ್ಲಿನ ತುದಿಯಿಂದ ತಿರುಗಿಸಿ.

ಬಾಲ್ ಜಾಯಿಂಟಿನ ಮೊನೆ ತೂತಿನ ಒಳಗೆ ಬಂದ ಕೂಡಲೇ ಎಲ್ಲರೂ ಉಸಿರು ಬಿಡ್ತಾರೆ, ಕೆಲಸ ಮುಗೀತು ಅಂತ ಜಾಕ್ ಇಳಿಸ್ತಾರೆ. ತಪ್ಪು. ಮೊನೆ ಬಂದಿದೆ ಅಷ್ಟೇ, ಇನ್ನೂ ಹಿಡಿದಿಲ್ಲ. ನಟ್ಟು ಪೂರ್ತಿ ಥ್ರೆಡ್ ತುಂಬಾ ಬಂದು, ಸರಿಯಾಗಿ ಬಿಗಿಯಾಗಿ, ನಟ್ಟು ಬಿಚ್ಚಿಕೊಳ್ಳದ ಹಾಗೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿ ಬಗ್ಗಿಸಿದ ಮೇಲೆ ಜಾಕ್ ಮುಟ್ಟಿ. ಹಳೆ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕೋದು ಬೇಡ, ಒಮ್ಮೆ ಬಗ್ಗಿಸಿದ್ದು ಎರಡನೇ ಸಲ ಮುರಿಯುತ್ತದೆ. ಪಿನ್ ತೂತು ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಸಡಿಲ ಮಾಡಿ ಅಲ್ಲ. ಕಂಪ್ರೆಸರ್ ಹಾಕಿದ್ದರೆ ಅದನ್ನು ಬಿಡಿಸೋದೂ ಈಗಲೇ, ನಿಧಾನಕ್ಕೆ, ಸ್ಪ್ರಿಂಗಿನ ಎರಡೂ ತುದಿ ಕೂತದ್ದು ನೋಡಿಕೊಳ್ಳುತ್ತಾ. ಆಮೇಲೆ ಶಾಕಬ್ಸಾರ್ಬರ್, ಕೊನೆಗೆ ಸರಪಳಿ ತೆಗೆಯೋದು.

ಬುಷ್ ಬಗ್ಗೆ ಒಂದು ಮಾತು, ನೀವು ಹೊಸದು ಹಾಕಿದ್ದೀರಿ ಅಂತ ಹೇಳ್ತಿದ್ದೇನೆ. ಆರ್ಮಿನ ಒಳ ತುದಿಯ ಬೋಲ್ಟುಗಳನ್ನು ಆರ್ಮ್ ಕೆಳಗೆ ತೂಗಾಡುವಾಗ ಪೂರ್ತಿ ಬಿಗಿ ಮಾಡಿಬಿಟ್ಟಿದ್ದರೆ ಈಗ ಸ್ವಲ್ಪ ಸಡಿಲ ಮಾಡಿ. ರಬ್ಬರ್ ಬುಷ್ ಒಳಗೆ ತಿರುಗೋದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ತೂಗುವಾಗ ಬಿಗಿ ಮಾಡಿದರೆ ಕಾರು ನೆಲಕ್ಕೆ ಇಳಿದ ಮೇಲೆ ಸುಮ್ನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ, ನಮ್ಮ ರೋಡಿನಲ್ಲಿ ಕೆಲವೇ ತಿಂಗಳಿಗೆ ಹರಿಯುತ್ತದೆ. ಚಕ್ರ ಹಾಕಿ, ಕಾರನ್ನು ನೆಲಕ್ಕೆ ಇಳಿಸಿ, ನಾಲ್ಕು ಸಲ ಮುಂದೆ ಒತ್ತಿ ಬಿಟ್ಟು, ಎರಡು ಮಾರು ಹಿಂದೆ ಮುಂದೆ ಉರುಳಿಸಿ, ಭಾರ ಚಕ್ರದ ಮೇಲಿರುವಾಗಲೇ ಆ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡಿ. ಅದಕ್ಕೂ ಎಂಜಿನ್ ಒಳಗಿರಬೇಕು, ಇಲ್ಲದಿದ್ದರೆ ಕಾರಿನ ನಿಜವಾದ ಎತ್ತರ ಬರಲ್ಲ. ಇದೊಂದು ಕಾರಣಕ್ಕಾದರೂ ಎಂಜಿನ್ ಬರೋವರೆಗೆ ಕಾಯೋದೇ ಲೇಸು.

ಸ್ಪ್ರಿಂಗ್ ಕಟ್ ಮಾಡೋದು ಬೇಡವೇ ಬೇಡ. ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಕೆಲಸ ಮಾಡುವ ಎಂಟು ಸುತ್ತಿನಲ್ಲಿ ಒಂದು ತೆಗೆದರೆ ಸುಮಾರು 14% ಗಡುಸು. ಕಾರಿನ ಮೂತಿ ಕೆಳಗಿಳಿದು ಅಲೈನ್‌ಮೆಂಟ್ ಕೆಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಚಕ್ರ ಹೊಂಡಕ್ಕೆ ಇಳಿದು ಆರ್ಮ್ ಪೂರ್ತಿ ಕೆಳಗೆ ಹೋದಾಗ ಗಿಡ್ಡ ಸ್ಪ್ರಿಂಗ್ ಬಟ್ಟಲಲ್ಲಿ ಸಡಿಲ ಆಗುತ್ತದೆ, ಒಂದು ದಿನ ಮೆಟ್ಟಿಲು ತಪ್ಪಿ ಕೂರುತ್ತದೆ. ಗ್ಯಾಸ್‌ನಲ್ಲಿ ಕಟ್ ಮಾಡಿದರಂತೂ ಬಿಸಿ ತಾಗಿದ ಕಡೆ ಉಕ್ಕಿನ ಹದವೇ ಹೋಗುತ್ತದೆ, ಅಲ್ಲಿಂದಲೇ ಬಿರುಕು ಶುರು. ಅದೇ ಕಾರಣಕ್ಕೆ ಸ್ಪ್ರಿಂಗ್ ಮೇಲೆ ಉಳಿ, ಸುತ್ತಿಗೆ, ಪೈಪ್ ಪಾನಾ ಹಲ್ಲಿನ ಗಾಯ ಕೂಡ ಆಗಬಾರದು. ನಿಮ್ಮ ಎರಡೂ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ಸುತ್ತು ಸುತ್ತೂ ನೋಡಿ, ತುಕ್ಕು ತಿಂದು ಗುಳಿ ಬಿದ್ದಿದ್ದರೆ ಬದಲಿಸಿ.

ಇನ್ನು ಆ 8 ಮಿ.ಮೀ. ಎರಡನ್ನೂ ಸಮ ನೆಲದ ಮೇಲೆ ನಿಲ್ಲಿಸಿ, ಮೇಲೆ ನೆಟ್ಟನೆಯ ಪಟ್ಟಿ ಇಟ್ಟು ಅಳೆದಿದ್ದೀರಾ, ಇಲ್ಲಾ ಕೈಯಲ್ಲಿ ಹಿಡಿದು ಟೇಪ್ ಹಚ್ಚಿದ್ದೀರಾ? ಮತ್ತೊಮ್ಮೆ ಅಳೆಯಿರಿ. ಸುತ್ತು ಎಷ್ಟು, ತಂತಿ ದಪ್ಪ ಎಷ್ಟು ಅನ್ನೋದನ್ನೂ ವರ್ನಿಯರ್‌ನಲ್ಲಿ ನೋಡಿ. ದಪ್ಪದಲ್ಲೇ ವ್ಯತ್ಯಾಸ ಇದ್ದರೆ ಯಾರೋ ಮೊದಲೇ ಒಂದು ಬದಲಿಸಿದ್ದಾರೆ, ಬೇರೆ ಕಾರಿನದು ಹಾಕಿದ್ದಾರೆ. ತಂತಿ ದಪ್ಪದಲ್ಲಿ ಸಣ್ಣ ವ್ಯತ್ಯಾಸವೂ ಗಡುಸುತನದಲ್ಲಿ ದೊಡ್ಡದಾಗುತ್ತದೆ, ದಪ್ಪ 5% ಜಾಸ್ತಿ ಆದರೆ ಗಡುಸು 20% ದಾಟುತ್ತದೆ. ದಪ್ಪ, ಸುತ್ತು ಎರಡೂ ಒಂದೇ ಇದ್ದು ಉದ್ದ ಮಾತ್ರ ಕಡಿಮೆ ಎಂದರೆ ಬಲಗಡೆದು ಕುಗ್ಗಿದೆ. ಡ್ರೈವರ್ ಕೂರುವ ಕಡೆ, ವರ್ಷಾನುಗಟ್ಟಲೆ ಒಬ್ಬರೇ ಓಡಿಸಿದ ಕಾರಿನಲ್ಲಿ ಇದು ಮಾಮೂಲು. ಸ್ಪ್ರಿಂಗ್ ಆರ್ಮಿನ ನಡುವೆ ಕೂರುವುದರಿಂದ ಅಲ್ಲಿ 8 ಮಿ.ಮೀ. ಅಂದರೆ ಚಕ್ರದ ಹತ್ತಿರ ಅದರ ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ. ಕಣ್ಣಿಗೆ ಕಾಣುವಷ್ಟು ವಾಲುತ್ತದೆ. ಬದಲಿಸೋದಾದರೆ ಎರಡೂ ಕಡೆ ಒಟ್ಟಿಗೆ ಬದಲಿಸಿ, ಒಂದೇ ಕಡೆ ಹೊಸದು ಹಾಕಬೇಡಿ. ರೆಡಿ ಸಿಗದಿದ್ದರೆ ಸ್ಯಾಂಪಲ್ ಕೊಟ್ಟು ಮಾಡಿಸಬಹುದು, ಆದರೆ ಸ್ಯಾಂಪಲ್ ಕೊಡೋದು ಎಡಗಡೆ ಉದ್ದ ಇರೋದನ್ನು, ಕುಗ್ಗಿದ್ದನ್ನಲ್ಲ.

ಕೂರಿಸಿದ ಮೇಲೆ ಚಕ್ರದ ಕಮಾನಿನಿಂದ ನೆಲಕ್ಕೆ ಎರಡೂ ಕಡೆ ಅಳತೆ ಬರೆದಿಡಿ. ಅಲೈನ್‌ಮೆಂಟ್ ಮಾಡಿಸದೆ ದೂರ ಓಡಿಸಬೇಡಿ, ಊರಲ್ಲೇ ನಿಧಾನಕ್ಕೆ 50 ಕಿ.ಮೀ. ಓಡಿಸಿ ಎಲ್ಲ ನಟ್ಟು ಮತ್ತೆ ನೋಡಿ, ಅದೇ ಅಳತೆ ಮತ್ತೆ ತಗೊಳ್ಳಿ. ಒಂದು ಕಡೆ ಮಾತ್ರ ಇಳಿದಿದ್ದರೆ ಸ್ಪ್ರಿಂಗಿನ ತುದಿ ಮೆಟ್ಟಿಲಿಗೆ ಬಂದಿರಲಿಲ್ಲ, ಈಗ ತಿರುಗಿ ಕೂತಿದೆ ಎಂದು ತಿಳಿದು ಬಿಚ್ಚಿ ನೋಡಬೇಕಾಗುತ್ತದೆ.

ಸ್ಪ್ರಿಂಗ್ ಆರ್ಡರ್ ಮಾಡುವ ಮುಂಚೆ ಎರಡರ ಉದ್ದ, ಸುತ್ತು, ತಂತಿ ದಪ್ಪ, ಹೊರ ಅಗಲ ಇಷ್ಟನ್ನು ನನಗೆ ಬರೆದು ಕಳಿಸಿ, ನೋಡಿ ಹೇಳ್ತೇನೆ. ಎಂಜಿನ್ ಬಂದು ಕಾರಿಗೆ ಕೂರಿಸುವವರೆಗೆ ಎರಡೂ ಸ್ಪ್ರಿಂಗಿಗೆ ಎಡ, ಬಲ ಎಂದು ಪೇಂಟ್‌ನಲ್ಲಿ ಬರೆದು ಗೋಣಿಚೀಲದಲ್ಲಿ ಸುತ್ತಿ ಇಡಿ.